ಮಸ್ಕತ್‌ನ ಕನ್ನಡ ತಂದೆ-ತಾಯಂದಿರಿಗೆ ಬಹಿರಂಗ ಪತ್ರ



"ಫಿಸಿಕ್ಸ್ ತಗೊಂಡು ಏನ್ ಮಾಡ್ತೀಯಾ ಪುಟ್ಟಾ? ಅದಕ್ಕೆ ಇಲ್ಲಿ ಲ್ಯಾಬ್ ಎಲ್ಲಿದೆ?" ಹನ್ನೆರಡನೇ ಕ್ಲಾಸಿನ ಮಕ್ಕಳಿರುವ ನಮ್ಮ ಮನೆಗಳಲ್ಲಿ ಈ ಮಾತು ಪ್ರತಿ ವರ್ಷ ಕೇಳುತ್ತೇನೆ. ಇಂಜಿನಿಯರಿಂಗ್ ಬೇಡ ಎನ್ನುವವನಲ್ಲ ನಾನು. ಆದರೆ ಲ್ಯಾಬ್ ಇಲ್ಲವೆಂಬ ಕಾರಣವನ್ನು ಒಪ್ಪಲಾರೆ.

ಅಲ್ ಖೂದ್‌ನಲ್ಲಿ ಸುಲ್ತಾನ್ ಕಾಬೂಸ್ ವಿಶ್ವವಿದ್ಯಾಲಯ ಶುರುವಾದದ್ದು 1986ರಲ್ಲಿ. ಅದೇ ವರ್ಷ ಇಂಗ್ಲೆಂಡಿನ ಡೇರ್ಸ್‌ಬರಿ ಪ್ರಯೋಗಾಲಯದಲ್ಲಿ ಭೌತವಿಜ್ಞಾನಿ ಪೀಟರ್ ಟ್ವಿನ್ ಮತ್ತು ಸಂಗಡಿಗರು ಪಲ್ಲಾಡಿಯಂ-108ರ ಮೇಲೆ ಕ್ಯಾಲ್ಸಿಯಂ-48ರ ಅಯಾನುಗಳನ್ನು ಹಾಯಿಸಿದರು. ಎರಡೂ ಬೆಸೆದು, ನಾಲ್ಕು ನ್ಯೂಟ್ರಾನ್ ಉದುರಿ, ಡಿಸ್ಪ್ರೋಸಿಯಂ-152 ನ್ಯೂಕ್ಲಿಯಸ್ ಹುಟ್ಟಿತು. ಹುಟ್ಟುವಾಗಲೇ ಅದಕ್ಕೆ ಭಾರೀ ತಿರುಗು ವೇಗ. ಹಾಗೆ ಹುಟ್ಟಿದವುಗಳಲ್ಲಿ ಕೆಲವು ಖರ್ಜೂರದಂತೆ ನೀಳವಾಗಿದ್ದವು, ಉದ್ದವು ಅಗಲದ ಸುಮಾರು ಎರಡರಷ್ಟು. ಪೂರ್ತಿ ಗುಂಡಗಿನ ನ್ಯೂಕ್ಲಿಯಸ್ ತಿರುಗಿತೆಂದು ಹೇಳಲು ಕ್ವಾಂಟಮ್ ನಿಯಮದಲ್ಲಿ ಜಾಗವೇ ಇಲ್ಲ, ಹೇಗೆ ತಿರುಗಿಸಿದರೂ ಅದು ಹಾಗೇ ಇರುತ್ತದೆ. ಆಕಾರ ಕೆಟ್ಟರೆ ಮಾತ್ರ ತಿರುಗುವಿಕೆ ಕಣ್ಣಿಗೆ ಬೀಳುತ್ತದೆ.

ಡೇರ್ಸ್‌ಬರಿಯವರು ಕಂಡದ್ದು ಈ ತಿರುಗುವಿಕೆ ನಿಧಾನವಾಗುತ್ತ ಹೊರಬಿದ್ದ 19 ಗಾಮಾ ಕಿರಣಗಳ ಸಾಲು. 602 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನಿಂದ 1449ರವರೆಗೆ, ಒಂದರಿಂದ ಇನ್ನೊಂದಕ್ಕೆ ಸರಾಸರಿ 47ರ ಅಂತರ. ಈಗ ನಿಮ್ಮ ಮಗಳಿಗೆ ಪೆನ್ಸಿಲ್ ಕೊಡಿ. 47 ಅಂದರೆ 0.047 ಮೆಗಾ ಎಲೆಕ್ಟ್ರಾನ್ ವೋಲ್ಟ್. ಈ ಲೆಕ್ಕದ ಸೂತ್ರದಂತೆ 4ನ್ನು ಅದರಿಂದ ಭಾಗಿಸಿದರೆ 85. ಅವಳು ಹನ್ನೊಂದನೇ ಕ್ಲಾಸಿನಲ್ಲಿ ಓದಿದ ಮೊಮೆಂಟ್ ಆಫ್ ಇನರ್ಷಿಯಾ ಇದೇ, ನ್ಯೂಕ್ಲಿಯಸ್‌ಗೆ ಒಗ್ಗುವ ಮಾನದಲ್ಲಿ. ಅಷ್ಟೇ ತೂಕದ ಗಟ್ಟಿ ಗೋಳಕ್ಕೆ ಲೆಕ್ಕ ಹಾಕಿದರೆ ಬರುವುದು 60ರ ಆಸುಪಾಸು. ಎರಡಕ್ಕೊಂದು ಅಳತೆಯ ಗಟ್ಟಿ ವಸ್ತುವಿಗೆ 90 ದಾಟುತ್ತದೆ. ಕಣ್ಣಿಗೆ ಕಾಣದ ವಸ್ತುವಿನ ಆಕಾರ ಒಂದು ಭಾಗಾಕಾರದಲ್ಲಿ ಸಿಕ್ಕಿತು! ಆದರೆ ಸರಿಯಾಗಿ 85 ಯಾಕೆ? ಮಾದರಿ ಕಟ್ಟುವವರ ಕೆಲಸ ಇಲ್ಲಿಂದ ಶುರು. ಯಾವ ಪ್ರೋಟಾನ್, ಯಾವ ನ್ಯೂಟ್ರಾನ್ ಯಾವ ಕಕ್ಷೆಯಲ್ಲಿದೆ, ತಿರುಗುವ ರಭಸಕ್ಕೆ ಯಾವ ಜೋಡಿ ಬಿಟ್ಟುಹೋಗಿದೆ ಎಂದೆಲ್ಲ ಅವರು ಕೂತು ಲೆಕ್ಕ ಹಾಕಬೇಕು.

1990ರಲ್ಲಿ ಇನ್ನೊಂದು ಸೋಜಿಗ. ಒಂದು ಪ್ರೋಟಾನ್ ಕಡಿಮೆಯಿರುವ ಟರ್ಬಿಯಂ-151ರಲ್ಲೂ ಹೆಚ್ಚುಕಡಿಮೆ ಅವೇ ಶಕ್ತಿಯ ಕಿರಣಗಳ ಸಾಲು ಕಂಡಿತು. ತೂಕ, ಗಾತ್ರ ಬದಲಾದ ಮೇಲೆ ಅಂಕಿಗಳು ಸುಮಾರು ಹತ್ತು ಕಿಲೋ ಎಲೆಕ್ಟ್ರಾನ್ ವೋಲ್ಟ್‌ನಷ್ಟು ಸರಿಯಬೇಕಿತ್ತು. ಅದಕ್ಕೆ ವಿವರಣೆ ಹುಡುಕಿದವರಲ್ಲಿ ಎಷ್ಟೋ ಮಂದಿ ಬಳಸಿದ್ದು ಕಾಗದ, ಕಂಪ್ಯೂಟರು ಅಷ್ಟೇ. ಇತ್ತ ಡಿಸ್ಪ್ರೋಸಿಯಂನ ಆ ಸಾಲು ಸಾಮಾನ್ಯ ಸ್ಥಿತಿಗೆ ಇಳಿಯುವ ದಾರಿ ಅಮೆರಿಕದ ಗಾಮಾಸ್ಫಿಯರ್ ಉಪಕರಣಕ್ಕೆ ಸಿಕ್ಕಿದ್ದು 2002ರಲ್ಲಿ. ಅಲ್ಲಿವರೆಗಿನ 16 ವರ್ಷ ಆ ಸಾಲಿನ ಸ್ಪಿನ್, ಅಂದರೆ ತಿರುಗುವಿಕೆಯ ಅಳತೆ, ಎಷ್ಟೆಂದು ಹೇಳುತ್ತಿದ್ದದ್ದು ಅಂದಾಜು ಮತ್ತು ಮಾದರಿಗಳೇ.

ಇಂಥ ಪ್ರಯೋಗಕ್ಕೆ ಬೇಕಾದ ಅಯಾನು ವೇಗವರ್ಧಕ ಒಮಾನಿನಲ್ಲಿಲ್ಲ, ನಿಜ. ಆದರೆ ಅಳೆದವರ ಅಂಕಿಗಳು ಬ್ರೂಕ್‌ಹೇವನ್‌ನ ನ್ಯೂಕ್ಲಿಯರ್ ದತ್ತಾಂಶ ಕೇಂದ್ರದಲ್ಲಿ ಬಿಟ್ಟಿಯಾಗಿ ಸಿಗುತ್ತವೆ. ರೂವಿಯ ಫ್ಲಾಟಿನಲ್ಲಿ ಕೂತವಳಿಗೂ, ಲಿವರ್‌ಪೂಲಿನ ಪ್ರೊಫೆಸರಿಗೂ ಅದೇ ಪಟ್ಟಿ. ಮುಂದೆ ಅಳೆಯುವ ಆಸೆ ಹುಟ್ಟಿದರೆ ನಮ್ಮ ದೇಶದಲ್ಲೇ 'ಇಂಗಾ' ಎಂಬ ಗಾಮಾ ಪತ್ತೆಕಾರಕಗಳ ವ್ಯೂಹವಿದೆ. ಮುಂಬೈ, ದೆಹಲಿ, ಕೋಲ್ಕತ್ತದ ವೇಗವರ್ಧಕಗಳಿಗೆ ಅದು ಸರದಿಯ ಮೇಲೆ ಹೋಗುತ್ತದೆ.

ರಜೆಗೆ ಊರಿಗೆ ಹೊರಡುವ ಮುನ್ನ ಆ 19 ಅಂಕಿಗಳನ್ನು ಅವಳ ಮುಂದಿಡಿ. ಅವಳು ಏನು ಕೇಳುತ್ತಾಳೆಂದು ನೋಡಿ, ಆಮೇಲೆ ಕಾಲೇಜಿನ ಮಾತು ತೆಗೆಯಿರಿ.

ಇಂತಿ,
ನಿಮ್ಮೊಳಗೊಬ್ಬ
ಮಸ್ಕತ್