ತೂಬಗೆರೆ ನೊಣಮೀಮಾಂಸೆ

ಲಕ್ಷಣ ಪ್ರಕರಣ: 1758ರಲ್ಲಿ ಸ್ವೀಡನ್ನಿನ ಲಿನೇಯಸ್ ಪಂಡಿತ ಮನೆನೊಣಕ್ಕೆ ‘ಮಸ್ಕಾ ಡೊಮೆಸ್ಟಿಕಾ’ ಎಂದು ನಾಮಕರಣ ಮಾಡಿದ. ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ ಅದಕ್ಕೂ ಮೊದಲಿಂದ ‘ಥೂ, ನೊಣ’ ಎಂಬ ಹೆಸರೇ ರೂಢಿಯಲ್ಲಿದೆ. ಮೈಯುದ್ದ 6–7 ಮಿ.ಮೀ., ಬೆನ್ನಿಗೆ ನಾಲ್ಕು ಕಪ್ಪು ಪಟ್ಟೆ, ರೆಕ್ಕೆ ಒಂದೇ ಜೊತೆ. ಕಣ್ಣುಗಳ ನಡುವೆ ಜಾಗವಿದ್ದರೆ ಹೆಣ್ಣು, ಒತ್ತೊತ್ತಾಗಿದ್ದರೆ ಗಂಡು. ಹಸಿರಾಗಿ ಮಿರುಗಿದರೆ ಬೇರೆ ಕುಲ. ಕಚ್ಚಿತೋ, ಅದೂ ಬೇರೆ. ಮನೆನೊಣ ಎಂಜಲು ಉಗುಳಿ, ಕರಗಿಸಿ ಹೀರುವುದಷ್ಟೇ. ಟೀ ಲೋಟದ ಅಂಚಿನಲ್ಲಿ ಕೂತು ಮುಂಗಾಲು ಉಜ್ಜುವುದು ಭಕ್ತಿಯಿಂದಲ್ಲ. ರುಚಿ ನೋಡುವುದು ಕಾಲಿನಿಂದಲೇ ಆದ್ದರಿಂದ ನಾಲಿಗೆ ಒರೆಸಿಕೊಂಡಂತೆ. ಸಣ್ಣ ನೊಣವನ್ನು ‘ಮರಿ’ ಎನ್ನುವುದು ಅಪಸಿದ್ಧಾಂತ. ರೆಕ್ಕೆ ಬಂದ ನೊಣ ಮತ್ತೆ ಬೆಳೆಯುವುದಿಲ್ಲ.

ಜನ್ಮ ಪ್ರಕರಣ: ತಾಯಿನೊಣ ಸಗಣಿ, ಕೋಳಿಗೊಬ್ಬರ, ಕೊಳೆತ ಹಣ್ಣಿನ ತೇವದಲ್ಲಿ ಒಂದು ಸಲಕ್ಕೆ ನೂರರ ಆಸುಪಾಸು ಮೊಟ್ಟೆಯಿಡುತ್ತದೆ. ಒಂದು ದಿನದೊಳಗೆ ಕಾಲಿಲ್ಲದ ಬಿಳಿ ಹುಳು. ಅದು ಎರಡು ಸಲ ಪೊರೆ ಕಳಚಿ, ಒಣ ಜಾಗಕ್ಕೆ ಸರಿದು, ತನ್ನ ಚರ್ಮವನ್ನೇ ಗಟ್ಟಿ ಮಾಡಿ ಕಂದು ಗೂಡಾಗುತ್ತದೆ. ವಿಜಯಪುರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಈ ಗೂಡಿಗೆ ಹರಾಜು ಕೂಗುವವರಿಲ್ಲ. ಕೊನೆಗೆ ನೊಣ ಹಣೆಯಲ್ಲೊಂದು ಚೀಲ ಉಬ್ಬಿಸಿ, ಮುಚ್ಚಳ ತಳ್ಳಿ ಈಚೆ ಬರುತ್ತದೆ. ಸೆಕೆಗಾಲದಲ್ಲಿ ಇಷ್ಟಕ್ಕೂ 7–10 ದಿನ ಸಾಕು.

ವಿವಾದ ಪ್ರಕರಣ: ನೊಣದ ಮೂಲ ಯಾವುದು? ಹಲಸಿಗೆ ಹೆಸರಾದ ನಮ್ಮ ತೂಬಗೆರೆ ಪಂಥದ ಪ್ರಕಾರ ಕೋಳಿ ಫಾರಂ. ಫಾರಂ ಪಂಥದ ಪ್ರಕಾರ ಘಾಟಿಯ ದನಗಳ ಜಾತ್ರೆಯ ಸಗಣಿ. ಜಾತ್ರೆ ಮುಗಿದು ತಿಂಗಳುಗಳಾದವೆಂಬ ಆಕ್ಷೇಪಕ್ಕೆ ಉತ್ತರವಿಲ್ಲ. ಜಾತ್ರೆ ಪಂಥದವರು ಬೆಂಗಳೂರಿನ ಕಸದ ಲಾರಿಯತ್ತ ಬೆರಳು ತೋರಿದರು. ಬೆಂಗಳೂರು ಪಂಥ ಕಾರಿನ ಗಾಜು ಏರಿಸಿಕೊಂಡು, ‘ಹಳ್ಳಿ ಅಂದ್ಮೇಲೆ ನೊಣ ಇರಲ್ವಾ?’ ಎಂದಿತು. ಎಲ್ಲ ಪಂಥಗಳಿಗೂ ಸಮ್ಮತವಾದ ಸೂತ್ರ ಒಂದೇ: ‘ನಮ್ಮನೇದಲ್ಲ.’

ಪ್ರಯೋಗ ಪ್ರಕರಣ: ‘ಊರೆಲ್ಲ ಕೇಳ್ಕೊಂಡ್ ಬಂದ್ಯಲ್ಲ, ನಮ್ ತಿಪ್ಪೆ ನೋಡಿದ್ಯೇನ್ಲಾ?’ ಎಂದಳು ಅವ್ವ. ಹಿತ್ತಲಲ್ಲಿ ಎಂಟು ದಿನದ ಹಿಂದೆ ನಾನೇ ಎಸೆದ ಹಲಸಿನ ಸಿಪ್ಪೆ ಇತ್ತು. ಎತ್ತಿದರೆ ಅಂಗೈಯಗಲ ಜಾಗದಲ್ಲಿ ಬಿಳಿ ಹುಳು ಮಿಜಿಮಿಜಿ. ಅಂಚಿನ ಒಣಮಣ್ಣಿನಲ್ಲಿ ಗೋಧಿಕಾಳಿನಷ್ಟು ಕಂದು ಗೂಡುಗಳು, ಕೆಲವಕ್ಕೆ ಆಗಲೇ ಮುಚ್ಚಳವಿಲ್ಲ. ಈ ಸಾಕ್ಷ್ಯ ಮೇಲಿನ ಸೂತ್ರಕ್ಕೆ ಹೊಂದದ್ದರಿಂದ ಪ್ರಬಂಧದಿಂದ ಕೈಬಿಡಲಾಗಿದೆ.

ಅವ್ವ ಮಾತ್ರ ಗುದ್ದಲಿ ತಂದು ಸಿಪ್ಪೆಯನ್ನು ತೆಳ್ಳಗೆ ಬಿಸಿಲಿಗೆ ಹರಡಿದಳು. ತೇವ ಆರಿದರೆ ಹುಳು ಬದುಕುವುದಿಲ್ಲವಂತೆ. ಅವಳು ಯಾವ ಪಂಥಕ್ಕೂ ಸೇರಿದವಳಲ್ಲ.