ಪ್ರಥಮಖಂಡ ಮೀಮಾಂಸೆ

ಯಾವ ಸರಪಳಿಯಾದರೂ ತನ್ನ ಮೊದಲ ಕೊಂಡಿಗೆ ಹಿಂದಿನ ಕೊಂಡಿಯನ್ನು ತೋರಿಸಲಾರದೆಂಬುದು ಅಕ್ಕಸಾಲಿಗನೂ ಬಲ್ಲ ವಿಷಯವಾಗಿರುವಾಗ, ಬ್ಲಾಕ್‌ಚೈನ್ ಎಂಬ ಲೆಕ್ಕದ ಸರಪಳಿಗೆ ಅದನ್ನನ್ವಯಿಸಿ ಶಾಸ್ತ್ರವೊಂದನ್ನೇ ಕಟ್ಟಬೇಕಾದೀತೆಂದು ಪೂರ್ವಸೂರಿಗಳು ಊಹಿಸಿರಲಾರರು. ಜೆನೆಸಿಸ್ ಬ್ಲಾಕ್ ಎಂದು ಪ್ರಸಿದ್ಧವಾದ ಈ ಸ್ವಯಂಭೂ ಖಂಡವು ಪಿತೃನಾಮವಿರಬೇಕಾದೆಡೆಯಲ್ಲಿ ಸೊನ್ನೆಗಳ ಸಾಲನ್ನು ಬರೆದುಕೊಂಡು ನಿಸ್ಸಂಕೋಚವಾಗಿ ನಿಲ್ಲುತ್ತದೆ. ಗೋತ್ರವರಿಯದ ವರನಿಗೆ ನಮ್ಮ ಕಡೆ ಹೆಣ್ಣು ಕೊಡುವರೆ ಎಂಬ ಪ್ರಶ್ನೆಯನ್ನು ಸದ್ಯಕ್ಕೆ ಬದಿಗಿಡೋಣ.

ಈ ಜೆನೆಸಿಸ್ ಬ್ಲಾಕಿನ ಪೂರ್ವರೂಪವು ಖಾನಾಪುರ ತಾಲ್ಲೂಕಿನ ಹಲಸಿಯಲ್ಲಿ, ಎಂದರೆ ಕದಂಬರ ಪಲಾಶಿಕೆಯಲ್ಲಿ, ದೊರೆತ ಕಾಕುಸ್ಥವರ್ಮನ ತಾಮ್ರಶಾಸನವೆಂಬುದು ನನ್ನ ಸಿದ್ಧಾಂತ. ಸೇನಾಪತಿ ಶ್ರುತಕೀರ್ತಿಗೆ ಭೂಮಿಯನ್ನಿತ್ತ ಆ ಶಾಸನವು ಎಂಬತ್ತನೆಯ ಸಂವತ್ಸರದ್ದೆಂದು ಹೇಳಿಕೊಂಡು, ಎಣಿಕೆ ಎಲ್ಲಿಂದ ಮೊದಲಾಯಿತೆಂಬುದನ್ನು ಸ್ಪಷ್ಟವಾಗಿ ಹೇಳದೆ ಬಿಟ್ಟುದರಿಂದ, ಎಷ್ಟೋ ವಿದ್ವಾಂಸರಿಗೆ ಕೈತುಂಬ ಕೆಲಸ ದೊರೆಯಿತು. ಜೆನೆಸಿಸ್ ಬ್ಲಾಕಿನ ಕಾಲಮುದ್ರೆಯಾದರೋ 1970ರ ಜನವರಿ 1ರಿಂದ ಸೆಕೆಂಡುಗಳನ್ನೆಣಿಸುವುದರಿಂದ, ಭಾವೀ ಸಂಶೋಧಕರ ಅನ್ನಕ್ಕೆ ಕಲ್ಲು ಹಾಕಿದೆ. ದತ್ತಿಯನ್ನಪಹರಿಸಿದವನಿಗೆ ಅರವತ್ತು ಸಾವಿರ ವರ್ಷ ನರಕವೆಂದು ತಾಮ್ರಪಟಗಳು ಶಪಿಸುವ ಸ್ಥಾನದಲ್ಲಿ ಇಲ್ಲಿ ಹ್ಯಾಷ್ ಇದೆ. ಒಂದಕ್ಷರ ತಿದ್ದಿದರೂ ಮುದ್ರೆ ಬೇರೆಯಾಗುವುದು. ಶಾಪಕ್ಕಿಂತ ಶೀಘ್ರಫಲದಾಯಕ.

ಬೆಳಗಾವಿಯ ಟಿಳಕವಾಡಿಯ ನಾನೂ ಖಾನಾಪುರದ ನನ್ನ ಸ್ನೇಹಿತರಾದ ಮಾಸ್ತರರೂ, ನಮ್ಮೊಳಗಿನ ಕುಂದಾ ಎಂಬ ಸಿಹಿಯ ಕೊಡುಕೊಳ್ಳುವಿಕೆಯನ್ನು ಅಳಿಸಬಾರದಂತೆ ದಾಖಲಿಸಲು ಇಥೀರಿಯಂ ಎಂಬ ಬ್ಲಾಕ್‌ಚೈನಿನ ವಿಧಿಯಂತೆ ಖಾಸಗಿ ಜಾಲವೊಂದನ್ನು ಕಟ್ಟಲುದ್ಯುಕ್ತರಾದೆವು. ಜಾಲಸಂಖ್ಯೆ 1 ಇಥೀರಿಯಂ ಮಹಾಜಾಲದ್ದಾದುದರಿಂದ ಬೇರೊಂದನ್ನಾರಿಸಿದೆವು. ಆರಂಭದ ಶಿಲ್ಕು ತಲಾ ಇಪ್ಪತ್ತು ಕಿಲೋ. ಗ್ಯಾಸ್ ಮಿತಿಯ ವಿಷಯದಲ್ಲಿ ಭಿನ್ನಾಭಿಪ್ರಾಯ ಹುಟ್ಟಲಿಲ್ಲ, ಇಬ್ಬರಿಗೂ ಅದು ತಿಳಿಯದಿದ್ದುದರಿಂದ.

ತೊಡಕೆಲ್ಲ ಹುಟ್ಟಿದ್ದು ಶಿರೋಲೇಖದಲ್ಲಿ. ಬಿಟ್‌ಕಾಯಿನ್ನಿನ ಜನಕನಾದ ಸತೋಶಿ ನಕಾಮೊಟೊ 2009ರ ಜನವರಿ 3ರ ಲಂಡನ್ ‘ಟೈಮ್ಸ್’ ಪತ್ರಿಕೆಯ ತಲೆಬರಹವನ್ನು ತನ್ನ ಮೊದಲ ಬ್ಲಾಕಿನಲ್ಲಿ ಕೆತ್ತಿದಂತೆ, ನಾವು ನಮ್ಮೂರ ಹೆಸರನ್ನು ಕೆತ್ತಬಯಸಿದೆವು. ಇಥೀರಿಯಂ ವಿಧಿಯು ಅದಕ್ಕೆ ಕೊಡುವ ಸ್ಥಳ 32 ಬೈಟು. ಕನ್ನಡದ ಒಂದೊಂದು ವ್ಯಂಜನಕ್ಕೂ ಸ್ವರಚಿಹ್ನೆಗೂ ಮೂರು ಬೈಟು ಬೇಕು. ಬೆಳಗಾವಿಗೆ 21, ಖಾನಾಪುರಕ್ಕೆ 21; ಎರಡೂ ಒಟ್ಟಿಗೆ ಹಿಡಿಸವು. ಗಡಿವಿವಾದಗಳನ್ನು ಸಾಕಷ್ಟು ಕಂಡ ಜಿಲ್ಲೆಯವರಾದ ನಾವು ಜಗಳವಾಡಲಿಲ್ಲ. “ನಿಮ್ಮೂರ ಹೆಸರ ಇರ್ಲಿ ಬಿಡ್ರಿ, ಮಾಸ್ತರ” ಎಂದೆ. “ಛೇ ಛೇ, ನಿಮ್ಮೂರ ಇರ್ಲಿ” ಎಂದರು ಅವರು. ಆ ರಾತ್ರಿ ನಾನು ಸೌಜನ್ಯದಿಂದ ಖಾನಾಪುರವೆಂದು ಬರೆದು ಪ್ರತಿಷ್ಠಾಪಿಸಿದೆ. ಅವರು ಅಷ್ಟೇ ಸೌಜನ್ಯದಿಂದ ಬೆಳಗಾವಿಯೆಂದು ಬರೆದರು.

ಹ್ಯಾಷ್ ಬೇರೆಯಾದುದರಿಂದ ಎರಡು ಗಣಕಗಳೂ ಒಂದನ್ನೊಂದು ಗುರುತಿಸದೆ, ಒಂಟಿ ಗಣಕದ ಎರಡು ಸಾಮ್ರಾಜ್ಯಗಳಾಗಿ ಇಂದಿಗೂ ಬ್ಲಾಕುಗಳನ್ನು ಪೋಣಿಸುತ್ತಿವೆ. ದೀಪಾವಳಿಯ ಎರಡು ಕಿಲೋ ಕುಂದಾ ಮಾತ್ರ ಮಾಸ್ತರರ ಮನೆಯ ಕ್ಯಾಲೆಂಡರಿನ ಬೆನ್ನಿನ ಮೇಲೆ, ಪೆನ್ಸಿಲಿನಲ್ಲಿ, ನನ್ನ ಹೆಸರಿನಡಿ ಇದೆ.