ಬಾಂಬು ಹುಡುಕುವ ಗೂಢಪುರುಷರ ಲಕ್ಷಣವಿಚಾರ

ಗೂಢಚಾರರು ಒಂಬತ್ತು ಬಗೆ ಎಂದ ಕೌಟಿಲ್ಯ. ಅವನ ಅರ್ಥಶಾಸ್ತ್ರದ ಓಲೆಗರಿಯನ್ನು ಮೈಸೂರಿನಲ್ಲಿ ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದವರು ನಮ್ಮ ಆರ್. ಶಾಮಾಶಾಸ್ತ್ರಿಗಳು. ಹೀಗಿರುವಾಗ ಅಣುಬಾಂಬು, ವಿಷಾನಿಲ, ರೋಗಾಣು ಕೈಯಿಂದ ಕೈಗೆ ದಾಟದಂತೆ ಕಾಯುವವರನ್ನು ವಿಂಗಡಿಸುವ ಅಧಿಕಾರ ಕನ್ನಡಿಗರದೇ. ಅದನ್ನು ಹಗರಿಬೊಮ್ಮನಹಳ್ಳಿಯಲ್ಲಿ ಕೂತು ಚಲಾಯಿಸಲು ಅಡ್ಡಿಯಿಲ್ಲ.

ಮೊದಲು ತಾಪಸನನ್ನು ನೋಡೋಣ. ಊರಾಚೆ ಕೂತು, ಜನರೆದುರು ಹಿಡಿ ಸೊಪ್ಪು ತಿಂದು, ಮರೆಯಲ್ಲಿ ಬೇಕಾದ್ದು ಉಣ್ಣುವವ. ಈ ಕಾಲದ ತಾಪಸನಿಗೆ ಆ ಕಪಟವಿಲ್ಲ; ಅವನಿರುವುದು ಗೌರಿಬಿದನೂರಿನಲ್ಲಿ. 1960ರ ದಶಕದಲ್ಲಿ ಬ್ರಿಟಿಷರ ನೆರವಿನಿಂದ ಅಲ್ಲಿ ಎರಡು ಸಾಲು ಭೂಕಂಪಮಾಪಕಗಳನ್ನು ನೆಟ್ಟರು. 1998ರ ಮೇ 28ರಂದು ಪಾಕಿಸ್ತಾನ ಚಾಗೈ ಜಿಲ್ಲೆಯ ಬೆಟ್ಟದಲ್ಲಿ ಅಣುಬಾಂಬು ಸಿಡಿಸಿದ್ದು ಅಲ್ಲಿಗೂ ಮುಟ್ಟಿತು. ಭೂಕಂಪದಲ್ಲಿ ಬಂಡೆ ಪಕ್ಕಕ್ಕೆ ಜಾರುವುದರಿಂದ ಅಡ್ಡ ಅಲೆ ಜೋರು. ಬಾಂಬು ಎಲ್ಲ ದಿಕ್ಕಿಗೂ ಒಂದೇ ಸಮ ಒದೆಯುತ್ತದೆ. ಮೊದಲ ಅಲೆ ಚೂಪು, ಹಿಂದಿನವು ಸಪ್ಪೆ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯ ಬಿಲ್ಲೇರಿ ‘ಸದ್ದಲೇ’ ಎಂದು ಒಂದೇ ಸಾಲು ಕಾರ್ಣಿಕ ನುಡಿಯುವಂತೆ ಮಾಪಕವೂ ಒಂದು ಗೆರೆ ಎಳೆದು ಸುಮ್ಮನಾಗುತ್ತದೆ. ಅರ್ಥ ಹೇಳುವವರಿಗೆ ವರ್ಷವಿಡೀ ಕೆಲಸ.

ಉದಾಸ್ಥಿತನೆಂದರೆ ಸನ್ಯಾಸ ಬಿಟ್ಟು ಬಂದವ, ಅಂದರೆ ಆ ಕಡೆಯಿಂದ ಓಡಿಬಂದವ. ಇರಾಕಿನಿಂದ ಜರ್ಮನಿಗೆ ಓಡಿಬಂದ ಒಬ್ಬ, ಲಾರಿಗಳ ಮೇಲೆ ರೋಗಾಣು ಕಾರ್ಖಾನೆ ಓಡಾಡುತ್ತಿದೆ ಎಂದ. 2003ರ ಫೆಬ್ರುವರಿಯಲ್ಲಿ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಕಾಲಿನ್ ಪವೆಲ್ ಅದನ್ನೇ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ಒಪ್ಪಿಸಿದರು. ಲಾರಿಯೂ ಇರಲಿಲ್ಲ, ರೋಗಾಣುವೂ ಇರಲಿಲ್ಲ. ಯುದ್ಧ ಮಾತ್ರ ಆಯಿತು. ಮೂವರ ಮಾತು ಕೂಡಿದರಷ್ಟೇ ನಂಬು ಎಂದು ಕೌಟಿಲ್ಯ ಕಟ್ಟುನಿಟ್ಟಾಗಿ ಹೇಳಿದ್ದ. ಪವೆಲ್ಲರ ಮೇಜಿನ ಮೇಲೆ ಶಾಸ್ತ್ರಿಗಳ ಪುಸ್ತಕ ಇರಲಿಲ್ಲವೆಂದು ತೋರುತ್ತದೆ.

ವೈದೇಹಕ, ಅಂದರೆ ವ್ಯಾಪಾರಿ, ಸರಕಿನ ಚೀಟಿ ಓದುವವ. 2003ರ ಅಕ್ಟೋಬರಿನಲ್ಲಿ ದುಬೈನಿಂದ ಲಿಬಿಯಾಕ್ಕೆ ಹೊರಟಿದ್ದ ‘ಬಿಬಿಸಿ ಚೈನಾ’ ಹಡಗನ್ನು ಇಟಲಿಯ ತಾರಾಂತೊಗೆ ತಿರುಗಿಸಿ ನೋಡಿದರೆ, ಒಳಗೆ ಮಲೇಷ್ಯಾದಲ್ಲಿ ತಯಾರಾದ, ಯುರೇನಿಯಂ ಸಾಂದ್ರಗೊಳಿಸುವ ಸೆಂಟ್ರಿಫ್ಯೂಜ್ ಬಿಡಿಭಾಗಗಳು. ಅಣುತಂತ್ರವನ್ನು ಕದ್ದುಮುಚ್ಚಿ ಮಾರುತ್ತಿದ್ದ ಪಾಕಿಸ್ತಾನದ ವಿಜ್ಞಾನಿ ಎ.ಕ್ಯೂ. ಖಾನರ ಅಂಗಡಿ ಮುಚ್ಚಿತು.

ಭಿಕ್ಷುಕಿ ಮನೆಯೊಳಕ್ಕೇ ಹೋಗಬಲ್ಲವಳು. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ತಪಾಸಣೆಗಾರರು ಈ ವರ್ಗ. ಜೋಳಿಗೆಯಲ್ಲಿ ಅಂಗೈಯಗಲದ ಹತ್ತಿ ಬಟ್ಟೆ. ಗೋಡೆ, ಕೊಳವೆ ಒರೆಸಿ ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಎಷ್ಟು ಗುಡಿಸಿ ಸಾರಿಸಿದರೂ ಯುರೇನಿಯಂ ಕಣ ಸಿಗುತ್ತದೆ. ಇರಾನಿನ ನತಾಂಜ್ ಅಣುಸ್ಥಾವರದಲ್ಲಿ ಅಂಥ ಕಣ ಸಿಕ್ಕಿದ್ದು ಹೀಗೆಯೇ.

ರಸದ, ವಿಷವಿಕ್ಕುವವ. ವಿಷ ತಡೆಯುವ ಶಾಸ್ತ್ರದಲ್ಲಿ ಅವನ ಹೆಸರೆತ್ತುವುದು ಅಪಶಕುನವೆಂದು ಬಿಟ್ಟಿದ್ದೇನೆ. ಉಳಿದವರೂ ಸದ್ಯಕ್ಕೆ ರಜೆಯಲ್ಲಿರಲಿ.

ಹತ್ತನೆಯ ಬಗೆ ಕೌಟಿಲ್ಯನಿಗೂ ಹೊಳೆಯದ್ದು: ಉಪಗ್ರಹ. 1998ರ ಮೇ 11ರಂದು ಪೋಖ್ರಾನಿನ ಅಣುಪರೀಕ್ಷೆಯಲ್ಲಿ ಇದು ಮೋಸಹೋಯಿತು. ನಮ್ಮವರು ರಾತ್ರಿ ಅಗೆದರು, ವಿಜ್ಞಾನಿಗಳು ಸೈನಿಕರ ದಿರಿಸು ತೊಟ್ಟರು. ಈಗ ಅದರ ಕಣ್ಣು ಕೂಡ್ಲಿಗಿಯಿಂದ ದೂರವೇನಲ್ಲದ ಚಳ್ಳಕೆರೆಯ ಮೇಲೆ. ಉಳ್ಳಾರ್ತಿ ಕಾವಲಿನಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ ಸುಮಾರು 1,800 ಎಕರೆ ಸಿಕ್ಕಿದೆ. ಅಲ್ಲಿ ಏನೆದ್ದಿತೆಂದು ಪರದೇಶದ ಪಂಡಿತರು ಆಕಾಶಚಿತ್ರದಲ್ಲಿ ಅಳೆಯುತ್ತಾರೆ. ರಾಜ್ಯದ ಅಂಚಿನಲ್ಲಿ ದನ ಕಾಯುವವರನ್ನು ಗೂಢಚಾರರಾಗಿ ನೇಮಿಸು ಎಂದೂ ಅರ್ಥಶಾಸ್ತ್ರದಲ್ಲಿದೆ. ಅದೇ ಕಾವಲಿನಲ್ಲಿ ಕುರಿ ಮೇಯಿಸುತ್ತಿದ್ದವರು ಗೋಡೆ ಏಳುವಾಗಿನಿಂದ ನೋಡುತ್ತಿದ್ದಾರೆ. ಕೇಳಿದರೆ ಹೇಳುತ್ತಾರೆ, ಆದರೆ ಮೇವಿನ ಮಾತು ಮೊದಲು.